ಇವತ್ತು ಹವಾ ಹ್ಯಾಂಗದ?

ಭಾಷೆ ಕಲಿಸುವ ಯಾವುದೇ ಕ್ಲಾಸಿನ ಮೊದಲ ಐದು ನಿಮಿಷ ಹಾಜರಿ ಕೂಗೋದಕ್ಕೆ ಹೋಗಬಾರದು. ಇದು ನಮ್ಮ ವಾದ. ಕೇಳೋಕೆ ಸಣ್ಣ ವಿಷಯ ಅನ್ನಿಸುತ್ತೆ, ಗೊತ್ತು. ಕ್ಯಾಂಟೀನಿನಲ್ಲಿ ಇದನ್ನ ಹೇಳಿದಾಗ "ಇದರ ಮ್ಯಾಲ ಒಂದು ಲೇಖನ ಬ್ಯಾರೆ ಬರೀತೀರೇನ್ರೋ" ಅಂತ ನಕ್ಕವರೇ ಜಾಸ್ತಿ. ಬರೀತೀವಿ. ಕಳೆದ ಒಂದು ವರ್ಷದಲ್ಲಿ ಕನ್ನಡ, ಇಂಗ್ಲಿಷ್, ಸ್ಪ್ಯಾನಿಷ್ ಅಂತ ಮೂರು ಭಾಷೆಯ ಕ್ಲಾಸುಗಳಲ್ಲಿ ಕೂತು ನೋಡಿದ ಮೇಲೆ, ಯಾರು ಬಾಯಿ ಬಿಡ್ತಾರೆ, ಯಾರು ಕೊನೇ ಬೆಂಚಿನಲ್ಲಿ ಸೆಮಿಸ್ಟರ್ ಪೂರ್ತಿ ಸುಮ್ಮನೆ ಕೂತು ಹೋಗ್ತಾರೆ ಅನ್ನೋದು ಈ ಐದು ನಿಮಿಷದಲ್ಲೇ ನಿರ್ಧಾರ ಆಗುತ್ತೆ ಅಂತ ನಮಗೆ ಅನ್ನಿಸಿದೆ.

ನಾವು ಅಂದ್ರೆ ಎರಡನೇ ವರ್ಷದ ಏಳೆಂಟು ಮಂದಿ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕಿನವರು. ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷ್ ಮೀಡಿಯಂ, ಇದನ್ನ ಟೈಪ್ ಮಾಡ್ತಿರೋ ಕೈ ಕೂಡ ಇಂಗ್ಲಿಷ್ ಮೀಡಿಯಂದೇ. ಇಬ್ಬರು ಮಾತ್ರ ಒಂದನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೆ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದವರು. ಈ ಲೇಖನದಲ್ಲಿ ಬರುವ ಒಳ್ಳೆಯ ವಿಚಾರಗಳೆಲ್ಲ ಹೆಚ್ಚುಕಡಿಮೆ ಆ ಇಬ್ಬರದು.

ಸ್ಪ್ಯಾನಿಷ್ ಯಾಕೆ ಅಂತ ಕೇಳಬೇಡಿ. ಹಾಸ್ಟೆಲಿನಲ್ಲಿ ರಾತ್ರಿ ಫುಟ್‌ಬಾಲ್ ನೋಡಿ ನೋಡಿ, ಕಾಮೆಂಟರಿಯವರು ಕೂಗೋದು ಏನಂತ ತಿಳ್ಕೋಬೇಕು ಅನ್ನೋ ಹುಚ್ಚಿನಿಂದ ಶುರುವಾಗಿದ್ದು. ಮೊದಲು ಡ್ಯುಯೊಲಿಂಗೋ. ಅದರ ಗೂಬೆ ದಿನಾ ಬೈದು ಬೈದು ಸಾಕಾದ ಮೇಲೆ ಒಂದು ಪುಕ್ಕಟೆ ಆನ್‌ಲೈನ್ ಕ್ಲಾಸು. ವಾರಕ್ಕೆ ನಾಲ್ಕು ದಿನ, ರಾತ್ರಿ ಎಂಟೂವರೆಗೆ. ಆ ಕ್ಲಾಸು ಪ್ರತಿ ದಿನ ಒಂದೇ ರೀತಿ ಶುರುವಾಗ್ತಿತ್ತು. ಮೇಡಂ ಬಂದು "ಕೇಳಿಸ್ತಾ ಇದೆಯಾ, ಸ್ಕ್ರೀನ್ ಕಾಣ್ತಾ ಇದೆಯಾ" ಅಂತ ಕೇಳೋದಿಲ್ಲ. ನೇರವಾಗಿ ಕೇಳೋದು: "ಕೆ ದಿಯಾ ಎಸ್ ಓಯ್?" ಅಂದ್ರೆ ಇವತ್ತು ಯಾವ ವಾರ. ಆಮೇಲೆ "ಕೆ ತಿಯೆಂಪೊ ಆಸೆ?" ಇವತ್ತು ಹವಾ ಹ್ಯಾಂಗದ. ಆಮೇಲೆ ಒಬ್ಬೊಬ್ಬರಿಗೆ "ಕೊಮೊ ಎಸ್ತಾಸ್?" ಹ್ಯಾಂಗಿದ್ದಿ. ಕೊನೆಗೆ ಆ ದಿನದ್ದೇ ಒಂದು ಪ್ರಶ್ನೆ. ಐದು ನಿಮಿಷ, ಭಾಳ ಅಂದ್ರೆ ಏಳು. ಅದಾದ ಮೇಲೆ ಪಾಠ.

ಸ್ಪ್ಯಾನಿಷ್ ಕಲಿಸುವವರು ಇದಕ್ಕೆ ಕಲೆಂತಾಮಿಯೆಂತೊ ಅಂತಾರೆ, ಬಿಸಿ ಮಾಡಿಕೊಳ್ಳೋದು. ಕಲಬುರಗಿಯಲ್ಲಿ ಕೂತು ಮೇ ತಿಂಗಳಲ್ಲಿ ಈ ಶಬ್ದ ಕೇಳಿದ್ರೆ ಸಿಟ್ಟು ಬರುತ್ತೆ, ಹಾಗಾಗಿ ನಾವು ಇದಕ್ಕೆ "ನಾಲಗೆ ಸಡಿಲ" ಅಂತ ಹೆಸರಿಟ್ಟುಕೊಂಡಿದ್ದೀವಿ. ಕಬಡ್ಡಿಗೆ ಮೊದಲು ಮೈ ಸಡಿಲ ಮಾಡ್ತೀವಲ್ಲ, ಹಂಗೆ. ಮೆಕ್ಯಾನಿಕಲ್‌ನವರಿಗೆ ಬೇರೆ ಥರ ಹೇಳಬಹುದು. ಚಳಿಗಾಲದ ಬೆಳಗ್ಗೆ ಹಳೇ ಡೀಸೆಲ್ ಗಾಡಿಯಲ್ಲಿ ಗ್ಲೋ ಪ್ಲಗ್ ಬಿಸಿಯಾಗೋ ತನಕ ಕಾಯದೆ ಕೀ ತಿರುಗಿಸಿದ್ರೆ ಎಂಜಿನ್ ಕೆಮ್ಮುತ್ತೆ, ಹತ್ತೋದಿಲ್ಲ. ಇಡೀ ದಿನ ಬೇರೆ ಭಾಷೆಯಲ್ಲಿದ್ದ ತಲೆಯೂ ಹಂಗೇ.

ಈಗ ಆ ಹವಾಮಾನದ ಪ್ರಶ್ನೆಗೆ ಬರೋಣ. ಸ್ಪ್ಯಾನಿಷಿನಲ್ಲಿ ಸೆಕೆ ಆಗ್ತಿದೆ ಅನ್ನೋದಕ್ಕೆ "ಆಸೆ ಕಲೋರ್" ಅಂತಾರೆ. ಪದಕ್ಕೆ ಪದ ಇಟ್ಟರೆ "ಸೆಕೆ ಮಾಡ್ತದ". ಸ್ಪೇನಿನ ಹೆಚ್ಚಿನ ಭಾಗದಲ್ಲಿ ಅದನ್ನ "ಆಥೆ" ಅಂತಾರಂತೆ, ಲ್ಯಾಟಿನ್ ಅಮೆರಿಕದವರು "ಆಸೆ". ನಮ್ಮ ಮೇಡಂ ಕಲಿಸಿದ್ದು ಎರಡನೇದು. ಮೊದಲ ವಾರ ಪೂರ್ತಿ "ಸೆಕಿ ಆಸೆ ಯಾರಿಗದರೀ ಇಲ್ಲಿ" ಅಂತ ನಕ್ಕಿದ್ದೇ ನಕ್ಕಿದ್ದು. ಎರಡನೇ ವಾರದ ಹೊತ್ತಿಗೆ ಸಮಸ್ಯೆ ಶುರುವಾಯ್ತು. ನಮ್ಮೂರಲ್ಲಿ ಏನ್ ಹವಾಮಾನ? ಸೋಮವಾರ ಆಸೆ ಕಲೋರ್. ಮಂಗಳವಾರ ಆಸೆ ಕಲೋರ್. ಬುಧವಾರ ಆಸೆ ಮೂಚೊ ಕಲೋರ್, ಭಾಳ ಸೆಕಿ. ಪ್ರಶ್ನೆ ಸತ್ತೇ ಹೋಯ್ತು. ಮೇಡಂ ಅದನ್ನ ಗಮನಿಸಿ ಪ್ರಶ್ನೆ ಬದಲಾಯಿಸಿದ್ರು: ನಿನ್ನೆಗಿಂತ ಇವತ್ತು ಹೇಗೆ? ನಿಮ್ಮ ಊರಿನಲ್ಲಿ ಹೇಗೆ, ಫೋನ್ ಮಾಡಿದ್ರಾ? ಅಷ್ಟೇ ಬದಲಾವಣೆ. ಅಫಜಲಪುರದವನು ಭೀಮಾ ನದಿಯಲ್ಲಿ ನೀರು ಎಷ್ಟಿದೆ ಅನ್ನೋದನ್ನ ಮುರುಕು ಸ್ಪ್ಯಾನಿಷಿನಲ್ಲಿ ಹೇಳೋಕೆ ಹೊರಟು ಹತ್ತು ಶಬ್ದ ಹುಡುಕಿದ. ನಮ್ಮ ಕಡೆ ಹವಾಮಾನ ಅಂದ್ರೆ ಟೈಂಪಾಸ್ ಮಾತಲ್ಲ. 2020ರ ಅಕ್ಟೋಬರಿನಲ್ಲಿ ಭೀಮಾ ತುಂಬಿ ಅಫಜಲಪುರ, ಜೇವರ್ಗಿ ಕಡೆಯ ಊರುಗಳಿಗೆ ನೀರು ನುಗ್ಗಿದ್ದು ನಮಗೆಲ್ಲ ನೆನಪಿದೆ. "ಉಜನಿಯಿಂದ ನೀರ ಬಿಟ್ಟಾರಂತ" ಅನ್ನೋ ಒಂದು ಸಾಲು ಈ ಎರಡು ತಾಲೂಕಿನಲ್ಲಿ ಯಾವ ಪಠ್ಯಪುಸ್ತಕದ ಸಾಲಿಗಿಂತ ಮುಖ್ಯ.

ಆ ದಿನ ಕ್ಲಾಸು ಮುಗಿದ ಮೇಲೆ ಜೇವರ್ಗಿ ಕಡೆಯ ನಮ್ಮ ದೋಸ್ತ ಹೇಳಿದ, "ಇದೇನು ಹೊಸಾದಲ್ಲೋ, ಇದು ನಮ್ಮ ನಲಿ-ಕಲಿ." ನಮ್ಮಲ್ಲಿ ಇಂಗ್ಲಿಷ್ ಮೀಡಿಯಂನವರಿಗೆ ನಲಿ-ಕಲಿ ಅಂದ್ರೆ ಸರ್ಕಾರಿ ಶಾಲೆ ಗೋಡೆ ಮೇಲೆ ಬರೆದಿರೋ ಒಂದು ಪದ ಅಷ್ಟೇ. ಅವನು ವಿವರಿಸಿದ. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ. ಮೇಲೆ ದಾರ ಕಟ್ಟಿ ಮಕ್ಕಳು ಮಾಡಿದ ಚಿತ್ರ ನೇತು ಹಾಕೋ ಚಪ್ಪರ. ಗೋಡೆಯ ಕೆಳಗೆ, ಮಕ್ಕಳ ಕೈಗೆ ಎಟಕುವ ಎತ್ತರದಲ್ಲಿ ಸುತ್ತಲೂ ಕಪ್ಪು ಹಲಗೆ. ಕಲಿಕಾ ಏಣಿ ನೋಡಿ ಯಾವ ಮೆಟ್ಟಿಲಲ್ಲಿ ಇದ್ದೀವಿ ಅಂತ ತಾವೇ ಹುಡುಕಿ ಕಾರ್ಡು ತೆಗೆದುಕೊಳ್ಳೋದು. ಇದಕ್ಕೆಲ್ಲ ಮೊದಲು, ಬೆಳಗ್ಗೆ ಒಳಗೆ ಬಂದ ತಕ್ಷಣ ಎರಡು ಕೆಲಸ. ತಮ್ಮ ಹಾಜರಿ ತಾವೇ ಚಾರ್ಟಿನಲ್ಲಿ ಗುರುತು ಮಾಡೋದು, ಹವಾಮಾನದ ಚಾರ್ಟಿನಲ್ಲಿ ಇವತ್ತು ಬಿಸಿಲೋ ಮೋಡವೋ ಮಳೆಯೋ ಅಂತ ತುಂಬೋದು. ಆಮೇಲೆ ಗುಂಡಗೆ ಕೂತು ಒಂದು ಹಾಡು, ಸ್ವಲ್ಪ ಮಾತು. "ಹೊರಗ ಹೋಗಿ ಆಕಾಶ ನೋಡಿ ಬಾ ಅಂತಿದ್ರು ಟೀಚರ್. ಅದಕ್ಕೇ ಜಗಳಾ ಆಡ್ತಿದ್ವಿ, ಇವತ್ತ ನಾ ನೋಡ್ತೀನಿ ಅಂತ."

ಈ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ, ಯುನಿಸೆಫ್ ಬೆಂಬಲದಿಂದ ಶುರುವಾಗಿದ್ದು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯವರು ಹಳ್ಳಿ ಶಾಲೆಗಳಲ್ಲಿ ಮಾಡ್ತಿದ್ದ ಕೆಲಸ ನೋಡಿ ಬಂದು ತಮ್ಮದೇ ಕಾರ್ಡುಗಳನ್ನ ಮಾಡಿಕೊಂಡರು. 2009-10ರಲ್ಲಿ ರಾಜ್ಯದ ಎಲ್ಲಾ ಸರ್ಕಾರಿ ಕನ್ನಡ ಕಿರಿಯ ಪ್ರಾಥಮಿಕ ಶಾಲೆಗಳಿಗೂ ಬಂತು. ಅಂದ್ರೆ ನಮ್ಮ ವಯಸ್ಸಿನ, ಸರ್ಕಾರಿ ಕನ್ನಡ ಶಾಲೆಗೆ ಹೋದ ಆಳಂದದ, ಅಫಜಲಪುರದ, ಜೇವರ್ಗಿಯ ಹುಡುಗ ಹುಡುಗಿಯರಿಗೆ ಆರನೇ ವಯಸ್ಸಿಗೇ ಸಿಕ್ಕಿದ್ದ ಪದ್ಧತಿ ಇದು. ನಾವು ಹತ್ತೊಂಬತ್ತಕ್ಕೆ, ಲ್ಯಾಪ್‌ಟಾಪ್ ಮುಂದೆ, ಸ್ಪ್ಯಾನಿಷ್ ಮೇಡಂ ಕೈಯಲ್ಲಿ ಅದನ್ನ "ಕಂಡುಹಿಡಿದೆವು".

ಅದೇ ವಯಸ್ಸಿನಲ್ಲಿ ನಾವು ಏನು ಮಾಡ್ತಿದ್ವಿ? ಮಿಸ್ ಒಳಗೆ ಬಂದ ತಕ್ಷಣ ಎದ್ದು ನಿಂತು ರಾಗವಾಗಿ "ಗುಡ್ ಮಾ...ರ್ನಿಂಗ್ ಮಿ...ಸ್". ಮಿಸ್ "ಹೌ ಆರ್ ಯೂ ಚಿಲ್ಡ್ರನ್", ನಾವು "ವಿ ಆರ್ ಫೈನ್ ಥ್ಯಾಂಕ್ಯೂ ಮಿಸ್". ಹಿಂದಿನ ದಿನ ಜ್ವರ ಬಂದು ಮಲಗಿದ್ದವನೂ ಫೈನ್. ಹೊರಗೆ ಕನ್ನಡ ಮಾತಾಡಿ ಹತ್ತು ರೂಪಾಯಿ ದಂಡ ಕಟ್ಟಿ ಬಂದವನೂ ಫೈನ್. ಅದೂ ದಿನಾ ಆಗ್ತಿತ್ತು, ಅದೂ ಐದು ನಿಮಿಷದ ರೂಢಿಯೇ. ಆದ್ರೆ ಅದರಲ್ಲಿ ನಾಲಗೆ ಸಡಿಲ ಆಗಲಿಲ್ಲ. ಹತ್ತು ವರ್ಷ ಹಂಗೆ ಹೇಳಿದ ನಂತರವೂ, ಪರಿಚಯ ಇಲ್ಲದವರು ಇಂಗ್ಲಿಷಿನಲ್ಲಿ "ಹೌ ಆರ್ ಯೂ" ಅಂದ್ರೆ ನಮ್ಮಲ್ಲಿ ಅರ್ಧ ಮಂದಿಗೆ ಅದೇ ಫೈನ್ ಬಿಟ್ಟು ಬೇರೆ ಬರೋದಿಲ್ಲ.

ವ್ಯತ್ಯಾಸ ಎಲ್ಲಿದೆ ಅಂತ ನಾವು ಸಾಕಷ್ಟು ಚರ್ಚೆ ಮಾಡಿದ್ವಿ. ನಮಗೆ ಸಿಕ್ಕ ಉತ್ತರ: ಕೇಳುವವರಿಗೆ ಉತ್ತರ ಮೊದಲೇ ಗೊತ್ತಿದ್ರೆ ಅದು ಪ್ರಶ್ನೆ ಅಲ್ಲ, ಕವಾಯತು. ಮಿಸ್‌ಗೆ ನಾವು ಏನ್ ಹೇಳ್ತೀವಿ ಅಂತ ಗೊತ್ತಿತ್ತು. ಆಕಾಶ ನೋಡಿ ಬಾ ಅಂದ ಟೀಚರ್‌ಗೂ ಬಿಸಿಲು ಗೊತ್ತಿತ್ತು ನಿಜ, ಆದ್ರೆ ಮಗು ತಾನೇ ಹೋಗಿ ನೋಡಿ ಬಂದು ಹೇಳ್ತಿತ್ತು. ಸುದ್ದಿ ಮಗುವಿನದು. ಇವತ್ತು ಯಾವ ವಾರ ಅನ್ನೋ ಪ್ರಶ್ನೆ ಇದ್ರೆ ಇರಲಿ, ಅದು ಬರೀ ಕೀ ತಿರುಗಿಸೋದು. ಅದರ ಹಿಂದೆ ಬರೋ ಪ್ರಶ್ನೆ ಮಾತ್ರ ನಿಜವಾದದ್ದಾಗಿರಬೇಕು.

ಇನ್ನೊಂದು ವಿಷಯ ನಮಗೆ ತುಂಬಾ ಇಷ್ಟವಾದದ್ದು, ಸ್ವಲ್ಪ ಜಾಸ್ತಿ ಹೊತ್ತು ಅದರ ಬಗ್ಗೆ ಹೇಳ್ತೀವಿ. ಒಂದು ದಿನ ಶುರುವಿನ ಪ್ರಶ್ನೆ "ನಿನಗೆ ಏನು ಇಷ್ಟ". ಸ್ಪ್ಯಾನಿಷಿನಲ್ಲಿ ನನಗೆ ಚಹಾ ಇಷ್ಟ ಅನ್ನೋದು "ಮೆ ಗುಸ್ತಾ ಎಲ್ ತೆ". ಮೇಡಂ ಇಂಗ್ಲಿಷಿನಲ್ಲಿ ವಿವರಿಸಿದ್ರು: ಇದು "ಐ ಲೈಕ್ ಟೀ" ಅಲ್ಲ, ಇಲ್ಲಿ "ಐ" ಕರ್ತೃ ಅಲ್ಲ, ಟೀ ಕರ್ತೃ, ಟೀ ನನಗೆ ಹಿಡಿಸುತ್ತೆ ಅನ್ನೋ ಥರ ಯೋಚಿಸಿ, ಇಂಗ್ಲಿಷಿನವರಿಗೆ ಇದು ಬಹಳ ಕಷ್ಟ. ಇಂಗ್ಲಿಷ್ ಮೀಡಿಯಂನ ನಾವು ನಿಷ್ಠೆಯಿಂದ ಕಷ್ಟಪಟ್ಟೆವು. ನೋಟ್ಸ್ ಬರೆದುಕೊಂಡೆವು, ಬಾಣ ಹಾಕಿದೆವು. ಆ ಜೇವರ್ಗಿಯವನು ಮಾತ್ರ ಮೈಕ್ ಆನ್ ಮಾಡಿ ಒಂದರ ಹಿಂದೆ ಒಂದು ಹೇಳ್ತಾ ಹೋದ. ಹೆಂಗೋ ಅಂದ್ರೆ, "ಏನದ ಅದರಾಗ? ನನಗ ಚಾ ಸೇರ್ತದ. ಮೆ ಗುಸ್ತಾ. ನಾನು ಅನ್ನೋದು ಎಲ್ಲಿ ಬಂತು?"

ಹೌದಲ್ವಾ! ಕನ್ನಡದಲ್ಲಿ ನಾನು ಚಹಾವನ್ನ ಇಷ್ಟಪಡುತ್ತೇನೆ ಅಂತ ಯಾರು ಮಾತಾಡ್ತಾರೆ, ನಮ್ಮಂಥ ಕಾನ್ವೆಂಟಿನವರು ಬಿಟ್ಟರೆ? ಚಹಾ ನನಗೆ ಸೇರಬೇಕು. ತಲೆನೋವಿಗೂ ಅಷ್ಟೇ. "ಮೆ ದುಎಲೆ ಲಾ ಕಬೇಸಾ", ನನಗ ತಲಿ ನೋಯ್ತದ. ನನ್ನ ತಲೆ ಅಂತ ಹೇಳೋ ಅಗತ್ಯ ಎರಡೂ ಭಾಷೆಗೆ ಇಲ್ಲ, ಬೇರೆಯವರ ತಲೆ ನನಗೆ ಯಾಕೆ ನೋಯುತ್ತೆ? ಹಿರಿಯರಿಗೆ ಒಂದು, ಗೆಳೆಯರಿಗೆ ಒಂದು: ಉಸ್ತೇದ್ ಮತ್ತು ತೂ, ನೀವು ಮತ್ತು ನೀನು. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಯೂ. ಬರೆದ ಹಾಗೆ ಓದು, ಅದೂ ಹೆಚ್ಚುಕಡಿಮೆ ನಮ್ಮಂತೆ. ಒಂದನೇ ಕ್ಲಾಸಿನಲ್ಲಿ ಕಲಿತು ಆಮೇಲೆ ಎಲ್ಲೂ ಬಳಸದ ಞ ಅಕ್ಷರ ಕೊನೆಗೂ ಉಪಯೋಗಕ್ಕೆ ಬಂತು. ಎಸ್ಪಾಞೋಲ್. ಮಞಾನಾ. ಮಞಾನಾ ಅಂದ್ರೆ ನಾಳೆ ಅಂತಲೂ ಆಗುತ್ತೆ, ಬೆಳಗ್ಗೆ ಅಂತಲೂ ಆಗುತ್ತೆ. ನಮ್ಮ ಮುಂಜಾನೆಗೂ ಅದಕ್ಕೂ ಸಂಬಂಧ ಏನೂ ಇಲ್ಲ, ಬರೀ ಆಕಸ್ಮಿಕ, ಆದ್ರೂ ಆ ಶಬ್ದ ನಮ್ಮಲ್ಲಿ ಒಬ್ಬರೂ ಮರೆತಿಲ್ಲ. "ಪೆರೊ" ಅಂದ್ರೆ ಆದರೆ, "ಪೆರ್ರೊ" ಅಂದ್ರೆ ನಾಯಿ. ಎರಡು ಥರದ ರ-ಕಾರ. ಹಳಗನ್ನಡದಲ್ಲೂ ರ ಮತ್ತು ಱ ಬೇರೆ ಬೇರೆ ಇದ್ದವು ಅಂತ ನಮ್ಮ ಸಂಘದ ಸೀನಿಯರ್ ಅಕ್ಕ ಒಬ್ಬರು ಹೇಳಿದ್ರು.

ಇಲ್ಲಿ ನಾವು ಹೇಳಬೇಕಾದ ಮಾತು ಇದು. ಅದೇ ಹುಡುಗ ನಮ್ಮ ಕಾಲೇಜಿನ ಇಂಗ್ಲಿಷ್ ಕ್ಲಾಸಿನಲ್ಲಿ ಎರಡು ಸೆಮಿಸ್ಟರ್ ಬಾಯಿ ತೆಗೆದಿಲ್ಲ. ಅವನಿಗೆ ಭಾಷೆ ಬರೋದಿಲ್ಲ ಅಂತ ನಾವೂ ಅಂದುಕೊಂಡಿದ್ವಿ, ಅವನೂ ಅಂದುಕೊಂಡಿದ್ದ. ಸ್ಪ್ಯಾನಿಷ್ ಕ್ಲಾಸಿನಲ್ಲಿ ನಮ್ಮೆಲ್ಲರಿಗಿಂತ ಅವನೇ ಮುಂದೆ. ಎರಡು ಕ್ಲಾಸಿಗೂ ವ್ಯತ್ಯಾಸ ವ್ಯಾಕರಣ ಮಾತ್ರ ಅಲ್ಲ. ಅಲ್ಲಿ ಪ್ರತಿ ದಿನ ಮೊದಲ ಐದು ನಿಮಿಷದಲ್ಲಿ ಅವನನ್ನ ಒಬ್ಬರು ಏನೋ ಕೇಳ್ತಿದ್ರು, ಅವನ ತಪ್ಪು ಉತ್ತರವನ್ನೂ ಕೇಳಿ ಮುಂದಕ್ಕೆ ಹೋಗ್ತಿದ್ರು. ಇಲ್ಲಿ ಮೊದಲ ಐದು ನಿಮಿಷದಲ್ಲಿ ಅವನು ಹೇಳಿದ್ದು ಒಂದೇ ಶಬ್ದ: "ಪ್ರೆಸೆಂಟ್".

2025ರ ಎಸ್ಎಸ್ಎಲ್‌ಸಿ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ರಾಜ್ಯಕ್ಕೇ ಕೊನೆ, 42.43 ಪ್ರತಿಶತ. ಕ್ಲಾಸಿನ ಮೊದಲಲ್ಲಿ ಹವಾಮಾನ ಕೇಳಿದ್ರೆ ಇದು ಸರಿಹೋಗುತ್ತೆ ಅನ್ನುವಷ್ಟು ಹುಚ್ಚರಲ್ಲ ನಾವು. ಶಿಕ್ಷಕರು ಬೇಕು, ಕೋಣೆ ಬೇಕು, ಬಸ್ಸು ಬೇಕು, ಹೊಲದ ಕೆಲಸ ಇರೋ ತಿಂಗಳಲ್ಲಿ ಮಗು ಶಾಲೆಯಲ್ಲಿ ಉಳಿಯಬೇಕು. ಆದ್ರೆ ಇದನ್ನೆಲ್ಲ ದಾಟಿ ಸಿಇಟಿ ಬರೆದು ಎಂಜಿನಿಯರಿಂಗ್‌ವರೆಗೆ ಬಂದವರು ಇಲ್ಲಿ ಬಂದು ಪ್ಲೇಸ್‌ಮೆಂಟ್ ಇಂಟರ್‌ವ್ಯೂನಲ್ಲಿ ಬಾಯಿ ಬರದೆ ನಿಲ್ಲೋದು ಬೇರೆ ಥರದ ನಷ್ಟ. ಅದನ್ನ ತಪ್ಪಿಸೋಕೆ ಸರ್ಕಾರಕ್ಕೆ ಅರ್ಜಿ ಕೊಡಬೇಕಿಲ್ಲ.

ಕನ್ನಡ ಕ್ಲಾಸಿನ ಕಥೆ ಬೇರೆ ಥರ. ವಿಟಿಯು ಸಿಲೆಬಸ್ಸಿನಲ್ಲಿ ಕನ್ನಡ ಬಂದವರಿಗೆ ಸಾಂಸ್ಕೃತಿಕ ಕನ್ನಡ, ಬಾರದವರಿಗೆ ಬಳಕೆ ಕನ್ನಡ. ಒಂದು ಕ್ರೆಡಿಟ್, ವಾರಕ್ಕೆ ಒಂದು ಗಂಟೆ. ಬಳಕೆ ಕನ್ನಡ ಅನ್ನೋ ಹೆಸರೇ ಎಷ್ಟು ಚೆನ್ನಾಗಿದೆ ನೋಡಿ! ಆದ್ರೆ ಪರೀಕ್ಷೆ ಇರೋದು ನಾಲ್ಕರಲ್ಲಿ ಒಂದಕ್ಕೆ ಟಿಕ್ ಹಾಕೋದು, ಹಾಗಾಗಿ ಓದೋದೂ ಹಾಗೇ. ಬಿಹಾರದಿಂದ, ಆಂಧ್ರದಿಂದ ಬಂದ ನಮ್ಮ ಕ್ಲಾಸ್‌ಮೇಟ್‌ಗಳು ಸೆಮಿಸ್ಟರ್ ಮುಗಿಸಿ ಕನ್ನಡಕ್ಕೆ ಎಂಟು ಜ್ಞಾನಪೀಠ ಅಂತ ಹೇಳ್ತಾರೆ. ಸೂಪರ್ ಮಾರ್ಕೆಟ್ ಹತ್ತಿರ ಆಟೋದವರು "ಎಲ್ಲಿಗಿ ಹೊಂಟೀರಿ" ಅಂದ್ರೆ ಗಾಬರಿಯಾಗ್ತಾರೆ, ಯಾಕಂದ್ರೆ ಪುಸ್ತಕದಲ್ಲಿ ಇದ್ದದ್ದು "ನೀವು ಎಲ್ಲಿಗೆ ಹೋಗುತ್ತಿದ್ದೀರಿ". ವಾರಕ್ಕೊಮ್ಮೆ ನಡೆಯೋ ಕ್ಲಾಸಿಗೆ ಈ ನಾಲಗೆ ಸಡಿಲ ಇನ್ನೂ ಹೆಚ್ಚು ಬೇಕು. ಜರ್ಮನಿಯ ಹೆರ್ಮಾನ್ ಎಬ್ಬಿಂಗ್‌ಹೌಸ್ 1885ರಲ್ಲೇ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನ ತಾನೇ ಬಾಯಿಪಾಠ ಮಾಡಿ, ತಾನೇ ಮರೆತು, ಲೆಕ್ಕ ಹಾಕಿ ತೋರಿಸಿದ್ದ: ಕಲಿತದ್ದರ ದೊಡ್ಡ ಪಾಲು ಹೋಗೋದು ಮೊದಲ ದಿನದಲ್ಲೇ. ಏಳು ದಿನ ಬಿಟ್ಟು ಬಂದವರಿಗೆ ಹೋದ ವಾರದ ಶಬ್ದಗಳನ್ನ ಮತ್ತೆ ಬಾಯಿಗೆ ತರಿಸದೆ ಹೊಸ ಪಾಠ ಶುರು ಮಾಡಿದ್ರೆ ಮತ್ತೇನಾಗುತ್ತೆ?

ಸಿಲೆಬಸ್ ಮುಗಿಯೋದಿಲ್ಲ ಅಂತಾರೆ. ಲೆಕ್ಕ ಹಾಕೋಣ, ಎಂಜಿನಿಯರಿಂಗ್ ಓದಿ ಅಷ್ಟೂ ಮಾಡದಿದ್ರೆ ಹೇಗೆ. ವಾರಕ್ಕೆ ಒಂದು ಕ್ಲಾಸು, ಸೆಮಿಸ್ಟರಿಗೆ ಹದಿನೈದು ವಾರ ಅಂತ ಹಿಡಿದ್ರೆ ಐದು ಹದಿನೈದಲೆ ಎಪ್ಪತ್ತೈದು ನಿಮಿಷ. ಅರವತ್ತು ಹೆಸರು ಕೂಗಿ ಹಾಜರಿ ಹಾಕೋಕೆ ಈಗಲೇ ಅಷ್ಟು ಹೊತ್ತು ಹೋಗ್ತಿದೆ. ನಲಿ-ಕಲಿ ಮಕ್ಕಳು ತಮ್ಮ ಹಾಜರಿ ತಾವೇ ಗುರುತು ಮಾಡ್ತಾರೆ, ಅವರಿಗೆ ಆರು ವರ್ಷ. ನಾವೂ ಒಂದು ಹಾಳೆಯಲ್ಲಿ ಸಹಿ ಮಾಡಬಹುದು. ಪ್ರಾಕ್ಸಿ ಹಾಕ್ತಾರೆ ಅಂತ ಭಯವಿದ್ರೆ ಆ ದಿನದ ಪ್ರಶ್ನೆಗೆ ಉತ್ತರ ಸಹಿ ಪಕ್ಕ ಬರೆಯಲಿ, ಪ್ರಾಕ್ಸಿ ಹಾಕೋನು ಎರಡು ಉತ್ತರ ಬರೀಬೇಕಾಗುತ್ತೆ. ಅವನ ಭಾಷೆಯಾದರೂ ಸುಧಾರಿಸುತ್ತೆ.

ಅರವತ್ತು ಮಂದಿಗೆ ಹೇಗೆ ಕೇಳೋದು ಅನ್ನೋದು ನ್ಯಾಯವಾದ ತಕರಾರು. ಪಕ್ಕದವರನ್ನ ಕೇಳಿದ್ರಾಯ್ತು, ಎರಡು ನಿಮಿಷ. ಆಮೇಲೆ ಆರು ಮಂದಿ ಎದ್ದು ನಿಂತು ಪಕ್ಕದವರು ಏನಂದ್ರು ಅಂತ ಹೇಳೋದು. ಹತ್ತು ಕ್ಲಾಸಿನಲ್ಲಿ ಎಲ್ಲರ ಪಾಳಿ ಮುಗಿಯುತ್ತೆ. ತನ್ನ ಬಗ್ಗೆ ಹೇಳೋಕೆ ನಾಚಿಕೆ ಪಡೋನು ಪಕ್ಕದವನ ಬಗ್ಗೆ ಆರಾಮಾಗಿ ಹೇಳ್ತಾನೆ, ಇದನ್ನ ಹಾಸ್ಟೆಲಿನಲ್ಲಿ ಇದ್ದವರಿಗೆ ವಿವರಿಸಬೇಕಿಲ್ಲ.

ಬೆಳಗಿನ ಮೊದಲ ಪೀರಿಯಡ್ಡಿನ ತಕರಾರು ಇನ್ನೂ ಗಟ್ಟಿಯಾದದ್ದು. ನಮ್ಮಲ್ಲಿ ಕೆಲವರು ಆಳಂದದಿಂದ, ಜೇವರ್ಗಿಯಿಂದ ದಿನಾ ಸುಮಾರು 40 ಕಿಲೋಮೀಟರ್ ಬಸ್ಸಿನಲ್ಲಿ ಬರ್ತಾರೆ, ಅಫಜಲಪುರದವರಿಗೆ ಇನ್ನೂ ದೂರ. ಮೊದಲ ಐದು ನಿಮಿಷ ಅಂದ್ರೆ ಅವರು ಗೇಟಿನ ಹತ್ತಿರ ಓಡಿ ಬರ್ತಿರೋ ಐದು ನಿಮಿಷ. ಯಾರಿಗೆ ಇದು ಹೆಚ್ಚು ಬೇಕೋ ಅವರಿಗೇ ತಪ್ಪುತ್ತೆ. ಇದಕ್ಕೆ ನಮ್ಮ ಪರಿಹಾರ: ತಡವಾಗಿ ಬಂದವರನ್ನ ಬಾಗಿಲಲ್ಲಿ ನಿಲ್ಲಿಸಿ ಬೈಯೋ ಬದಲು, ಆ ಕ್ಲಾಸಿನ ಭಾಷೆಯಲ್ಲೇ ಯಾಕೆ ತಡ ಅಂತ ಕೇಳಿ. ಒಂದೇ ವಾಕ್ಯ ಸಾಕು. ಇದಕ್ಕಿಂತ ನಿಜವಾದ ಪ್ರಶ್ನೆ ಬೇರೆ ಇಲ್ಲ, ಉತ್ತರವೂ ದಿನಾ ಹೊಸದು. ಬಸ್ಸಿನಲ್ಲಿ ಬರ್ತಾ ಅರ್ಧ ಗಂಟೆ ಆ ಉತ್ತರವನ್ನೇ ಇಂಗ್ಲಿಷಿನಲ್ಲಿ ಕಟ್ಟಿಕೊಂಡು ಬರ್ತಾರೆ ಅನ್ನೋದು ನಮ್ಮ ಲೆಕ್ಕ.

ಯಾವ ಕನ್ನಡದಲ್ಲಿ ಕೇಳೋದು ಅಂತ ನಮ್ಮೊಳಗೇ ಜಗಳ ಆಯ್ತು. ಬಳಕೆ ಕನ್ನಡಕ್ಕೆ ಪುಸ್ತಕದ ಕನ್ನಡ ಬೇಕು, ಇಲ್ಲಾಂದ್ರೆ ನಾಳೆ ಬೆಂಗಳೂರಿಗೆ ಹೋದಾಗ ಕಷ್ಟ ಅಂತ ಕೆಲವರು. ನಾವು ಹೆಚ್ಚಿನವರು ಹೇಳೋದು, ಪಾಠ ಪುಸ್ತಕದ ಕನ್ನಡದಲ್ಲಿರಲಿ, ಮೊದಲ ಐದು ನಿಮಿಷ ಮಾತ್ರ ಗೇಟಿನ ಹೊರಗಿನ ಕನ್ನಡದಲ್ಲಿರಲಿ. ಹ್ಯಾಂಗದ, ಏನ್ ಮಾಡ್ಲಕತ್ತೀರಿ, ಊಟ ಆತೇನ್ರಿ. ಇದು ಅಶುದ್ಧ ಅನ್ನೋರಿಗೆ ಒಂದು ಮಾಹಿತಿ: ನಮ್ಮದೇ ಜಿಲ್ಲೆಯ ಸೇಡಂ ತಾಲೂಕಿನ ಮಳಖೇಡದಿಂದ ಆಳಿದ ನೃಪತುಂಗನ ಆಸ್ಥಾನದಲ್ಲಿ ಒಂಬತ್ತನೇ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗದಲ್ಲೇ ಕನ್ನಡ ಒಂದಲ್ಲ, ಹಲವು ಅನ್ನೋ ಮಾತಿದೆ. ಸಾವಿರ ವರ್ಷದ ಹಿಂದೆ ಒಪ್ಪಿಕೊಂಡದ್ದನ್ನ ಈಗ ನಾವು ಒಪ್ಪೋಕೆ ಏನ್ ಕಷ್ಟ.

ಕನ್ನಡ ಮಾತ್ರವೂ ಅಲ್ಲ. ಆಳಂದದ ಗಡಿ ಹಳ್ಳಿಗಳಲ್ಲಿ ಮನೆಮಾತು ಮರಾಠಿ ಇರೋರು ಇದ್ದಾರೆ. ಅಫಜಲಪುರ ತಾಲೂಕಿನ ದೇವಲ ಗಾಣಗಾಪುರಕ್ಕೆ ಹೋದ್ರೆ ದತ್ತನ ದರ್ಶನಕ್ಕೆ ಬಂದ ಮಹಾರಾಷ್ಟ್ರದವರ ಜೊತೆ ಹೂವಿನ ಅಂಗಡಿಯವರು ಸಲೀಸಾಗಿ ಮರಾಠಿ ಮಾತಾಡ್ತಾರೆ, ತಿರುಗಿ ನಮ್ಮ ಜೊತೆ ಕನ್ನಡ. ಆಳಂದದ ಲಾಡ್ಲೆ ಮಶಾಕ್ ದರ್ಗಾದ ಸುತ್ತ ದಖನಿ. ಮೂರೂ ತಾಲೂಕಿನ ತಾಂಡಾಗಳಲ್ಲಿ ಲಂಬಾಣಿ. ಒಂದು ಕ್ಲಾಸಿನಲ್ಲಿ ಐದು ಭಾಷೆ ಕೂತಿರ್ತವೆ, ಹಾಜರಿಯಲ್ಲಿ ಎಲ್ಲವೂ ಪ್ರೆಸೆಂಟ್. ಸ್ಪ್ಯಾನಿಷ್ ಕ್ಲಾಸಿನಲ್ಲಿ ಒಂದು ದಿನದ ಪ್ರಶ್ನೆ, "ನಿಮ್ಮ ಮನೆಯಲ್ಲಿ ಅಜ್ಜಿಗೆ ಏನಂತೀರಿ?" ಆಯಿ, ಅಮ್ಮ, ದಾದಿ, ಅಜ್ಜಿ ಅಂತ ಒಂದೊಂದೇ ಬಂತು. ಮೇಡಂ ಎಲ್ಲವನ್ನೂ ಬರೆದುಕೊಂಡು ಕೊನೆಗೆ "ಅಬುಎಲಾ" ಅಂತ ಸೇರಿಸಿದ್ರು. ಅಂಥದ್ದು ನಮ್ಮ ಕನ್ನಡ ಕ್ಲಾಸಿನಲ್ಲಿ, ಕನ್ನಡದ ನೆಲದಲ್ಲಿ, ಆಗೋಕೆ ಏನು ಅಡ್ಡಿ ಅಂತ ನಮಗೆ ಅರ್ಥವಾಗಿಲ್ಲ.

ಮೇಷ್ಟ್ರುಗಳು ಇದನ್ನ ಮಾಡಲೇಬೇಕು ಅಂತ ನಾವು ಧರಣಿ ಕೂರೋದಿಲ್ಲ. ಅವರಿಗೆ ಇರೋ ಕೆಲಸವೇ ಸಾಕಷ್ಟು. ಒಪ್ಪಿಗೆ ಕೊಟ್ಟರೆ ಸಾಕು, ಪ್ರಶ್ನೆ ನಾವು ತರ್ತೀವಿ. ಮುಂದಿನ ಸೆಮಿಸ್ಟರಿನಿಂದ ಬಳಕೆ ಕನ್ನಡದ ಕ್ಲಾಸಿಗೆ ನಮ್ಮ ಸಂಘದಿಂದ ವಾರಕ್ಕೆ ಇಬ್ಬರು ಹೋಗಿ ಮೊದಲ ಐದು ನಿಮಿಷ ಕೂರ್ತೀವಿ ಅಂತ ಕೇಳಿಕೊಂಡಿದ್ದೀವಿ, ಉತ್ತರ ಬರಬೇಕು. ಅಲ್ಲಿಯವರೆಗೆ ಸಂಘದ ಸಭೆಯಲ್ಲೇ ಶುರು ಮಾಡಿದ್ದೀವಿ. ಸ್ವಾಗತ ಭಾಷಣ ಇಲ್ಲ, ಮೊದಲು ಪ್ರಶ್ನೆ. ಹೋದ ಬುಧವಾರದ್ದು "ನಿಮ್ಮೂರ ಬಸ್ ಸ್ಟ್ಯಾಂಡಿನಾಗ ಮೊದಲ ಕೇಳೋ ಶಬ್ದ ಯಾವುದು" ಅಂತಿತ್ತು, ಇಪ್ಪತ್ತು ನಿಮಿಷ ಆದ್ರೂ ನಿಲ್ಲಲಿಲ್ಲ, ಐದು ನಿಮಿಷ ಅನ್ನೋ ನಿಯಮ ನಾವೇ ಮುರಿದ್ವಿ. ಕೇರಳದಿಂದ ಬಂದ ಒಬ್ಬಳು "ರೈಟ್ ರೈಟ್" ಅಂದಳು, ಅದು ಕನ್ನಡ ಅಂತಲೇ ಅವಳು ಅಂದುಕೊಂಡಿದ್ದಳು. ಈ ವಾರದ್ದು ಸುಲಭ: ನಿಮ್ಮ ಮನ್ಯಾಗ ಇವತ್ತ ಏನ್ ಪಲ್ಯ? ಮನೆಗೆ ಫೋನ್ ಮಾಡಿ ಕೇಳಿಕೊಂಡು ಬನ್ನಿ. ಹಾಸ್ಟೆಲಿನವರು ಮೆಸ್ಸಿನ ಪಲ್ಯ ಹೇಳೋದು ಬೇಡ, ಅದು ನಮಗೆಲ್ಲ ಗೊತ್ತದ.